ಡಬ್ಬದ ಎರಡು ತೂತು

ಮುಚ್ಚಿದ ಡಬ್ಬ ಕಂಡರೆ ಒಳಗೇನಿದೆ ಎಂದು ನೋಡದೆ ಇರಲಾರೆ. ತೆರೆದ ಡಬ್ಬ ಕಂಡರೆ ಯಾರು ತೆರೆದರು ಎಂದು ಕೇಳದೆ ಇರಲಾರೆ. ಇದು ಹುಟ್ಟುಗುಣವೋ, ಮಂಡ್ಯದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿ ಇಪ್ಪತ್ತು ವರ್ಷ ಪರೀಕ್ಷೆಯ ಕೊಠಡಿಗಳಲ್ಲಿ ಕಾವಲು ತಿರುಗಿದ್ದರಿಂದ ಬಂದದ್ದೋ ಗೊತ್ತಿಲ್ಲ. ಅಂಗೈಯಲ್ಲಿ, ಅಂಗಿಯ ಮಡಿಕೆಯಲ್ಲಿ, ಜಾಮಿಟ್ರಿ ಪೆಟ್ಟಿಗೆಯ ತಳದಲ್ಲಿ ಹುಡುಗರು ಅಡಗಿಸಿದ ಚೀಟಿಗಳನ್ನು ಹಿಡಿದು ಹಿಡಿದು, ಯಾರಾದರೂ ಸುಮ್ಮನೆ ನಿಂತಿದ್ದರೂ ಅವರ ಕೈ ಎಲ್ಲಿದೆ ಎಂದು ನೋಡುವ ಚಾಳಿ ನನಗೆ ಅಂಟಿಕೊಂಡಿತ್ತು. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಿದ್ದಳು. ಅವಳು ಡಾಕ್ಟರು, ಆದ್ದರಿಂದ ನಾನು ಎದುರು ಮಾತಾಡುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುಭಾಗ. ಅವಳು ಮಂಡ್ಯದಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದಳು. ಕಟ್ಟಡದ ಮುಂಭಾಗ ಆಸ್ಪತ್ರೆ, ಹಿಂಭಾಗ ನಮ್ಮ ಮನೆ. ಮಂಗಳವಾರ, ಶುಕ್ರವಾರ ಮದ್ದೂರಿಗೂ ಮಳವಳ್ಳಿಗೂ ಹೋಗಿ ಬಸುರಿಯರನ್ನು ನೋಡಿ ಬರುತ್ತಿದ್ದಳು. ಕಷ್ಟದ ಹೆರಿಗೆ ಬಂದರೆ ವಾರ ನೋಡುವಂತಿರಲಿಲ್ಲ. ಅದಕ್ಕೆಂದೇ ನಿವೃತ್ತರಾದ ಇಂಜಿನಿಯರೊಬ್ಬರಿಂದ ದುಂಡು ಬೆನ್ನಿನ ಬೂದು ಕಾರೊಂದನ್ನು ಕೊಂಡಿದ್ದಳು. ಊರಿನವರ ಬಾಯಲ್ಲಿ ಅದು ಡಾಕ್ಟರಮ್ಮನ ಕಾರು. ನಾನು ಡಾಕ್ಟರಮ್ಮನ ಯಜಮಾನರು. ಆ ಎರಡನೆಯ ಮಾತು ನನಗೆ ಒಳಗೊಳಗೇ ಚುಚ್ಚುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕಾರಿನ ಜೊತೆಗೆ ಡ್ರೈವರು ಬಂದ. ಕೆರಗೋಡಿನ ಕಡೆಯವನು, ಐವತ್ತರ ಆಸುಪಾಸು, ಬಹಳ ವರ್ಷ ಕಬ್ಬಿನ ಲಾರಿ ಓಡಿಸಿದವನು. ಮಾತು ಕಡಿಮೆ. ವಾರವೆಲ್ಲ ನಮ್ಮ ಕಾರಿನ ಶೆಡ್ಡಿನ ಪಕ್ಕದ ಕೋಣೆಯಲ್ಲಿದ್ದು, ಶನಿವಾರ ಸಂಜೆ ಒಂದು ಖಾಕಿ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಊರಿಗೆ ಹೋಗಿ ಸೋಮವಾರ ಬೆಳಗಾಗುವುದರೊಳಗೆ ಬರುತ್ತಿದ್ದ. ನನ್ನ ಹೆಂಡತಿ ಅವನ ಜೊತೆ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು, ಅವನೂ ಅವಳ ಹತ್ತಿರ ಮಾತಾಡುತ್ತಿದ್ದನಂತೆ. ನನ್ನ ಹತ್ತಿರ ಮಾತ್ರ ಹೂಂ, ಉಹೂಂ, ಆಯ್ತು. ಗುಮಾನಿ ಹುಟ್ಟಲು ಇಷ್ಟು ಸಾಕಿತ್ತು ನನಗೆ.

ಅವನು ಬಂದ ಮೊದಲ ವಾರವೇ ಕಾರಿನ ಬಾನೆಟ್ಟಿನ ಕೆಳಗೆ ಒಂದು ಡಬ್ಬ ಕಟ್ಟಿದ. ಆಸ್ಪತ್ರೆಯಲ್ಲಿ ಎಸೆದ, ಮಕ್ಕಳ ಹಾಲಿನ ಪುಡಿಯ ಡಬ್ಬ. ಇಂಜಿನ್ನಿನ ಪಕ್ಕದಿಂದ ಒಂದು ಕೊಳವೆ ಕೆಳಕ್ಕೆ ಇಳಿದು ಬಯಲಿಗೆ ಬಾಯಿ ಬಿಟ್ಟುಕೊಂಡಿತ್ತು; ಅದರಿಂದ ಸದಾ ಎಣ್ಣೆ ತೊಟ್ಟಿಕ್ಕಿ ಅಂಗಳದ ಚಪ್ಪಡಿಯೆಲ್ಲ ಕರಿ. ಅವನು ಆ ಕೊಳವೆಗೆ ರಬ್ಬರ್ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಡಬ್ಬದ ಪಕ್ಕೆಯಲ್ಲಿ ಕೂರಿಸಿದ ಸಣ್ಣ ತಗಡಿನ ಮೂತಿಗೆ ತಂತಿಯಿಂದ ಬಿಗಿದಿದ್ದ. ಡಬ್ಬದೊಳಗೆ ತೆಂಗಿನ ನಾರು ತುರುಕಿದ್ದ. ಮುಚ್ಚಳದಲ್ಲಿ ಮೊಳೆಯಿಂದ ಹೊಡೆದ ಎರಡು ತೂತು.

"ಇದೇನು?" ಎಂದೆ.

"ಅಳೇ ಇಂಜಿನ್ನು ಕಣ್ ಮೇಷ್ಟ್ರೆ. ಒಳ್ಗೆ ಉರ್ದಿದ್ದು ಪಿಸ್ಟನ್ನಿನ ಸಂದೀಲಿ ಕೆಳೀಕ್ಕಿಳೀತದೆ. ಆ ಗಾಳಿ ಆಚ್ಗೋಗೋವಾಗ ಎಣ್ಣೇನೂ ಎಳ್ಕೊಂಡೋಯ್ತದೆ. ನಾರು ಎಣ್ಣೆ ಇಡ್ಕತದೆ, ಗಾಳಿ ಓಯ್ತದೆ."

ಅವನು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದು. ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವನು ಮಾತಾಡುತ್ತಿದ್ದಾಗ ನಾನು ಅವನ ಕೈಯನ್ನೂ ಆ ಎರಡು ತೂತುಗಳನ್ನೂ ನೋಡುತ್ತಿದ್ದೆ.

ಸೀಮೆಎಣ್ಣೆ ಡಬ್ಬ ತಂದವರಿಗೆಲ್ಲ ಗೊತ್ತು: ಮುಚ್ಚಿದ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಗೊಳಗೊಳ ಅಂತ ತಡೆತಡೆದು ಬರುತ್ತದೆ. ಎದುರಿಗೆ ಇನ್ನೊಂದು ಹೊಡೆದರೆ ಒಂದರಿಂದ ಗಾಳಿ ಹೋಗುತ್ತದೆ, ಇನ್ನೊಂದರಿಂದ ಎಣ್ಣೆ ಧಾರೆಯಾಗಿ ಬೀಳುತ್ತದೆ. ಆದ್ದರಿಂದ ಎರಡು ತೂತು ಎಂದರೆ ಸುರಿದುಕೊಳ್ಳುವುದಕ್ಕೆ ಮಾಡಿದ ತೂತು. ಲೆಕ್ಕದ ಮೇಷ್ಟರು ಹೀಗೆ ಲೆಕ್ಕ ಹಾಕಿದರು.

ಎಣ್ಣೆಯ ವಿಷಯದಲ್ಲಿ ಅವನಿಗೆ ಕೆಲವು ಕಟ್ಟುಪಾಡುಗಳಿದ್ದವು. ದಿನಾ ಬೆಳಿಗ್ಗೆ ಇಂಜಿನ್ನು ತಣ್ಣಗಿರುವಾಗ ಅಳತೆಯ ಕಡ್ಡಿ ಎಳೆದು, ಪಂಚೆಯ ಚೂರಿನಿಂದ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ನೋಡುತ್ತಿದ್ದ. ಕಡ್ಡಿಯ ತುದಿಯ ಒಂದು ತೊಟ್ಟನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕುತ್ತಿದ್ದ. ಕೆಲವು ಸಲ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಒಂದು ತೊಟ್ಟು ಬಿಟ್ಟು ಒಣಗಲು ಇಡುತ್ತಿದ್ದ. ನಡುವೆ ಕಪ್ಪು ಚುಕ್ಕೆ ಗಟ್ಟಿಯಾಗಿ ಕೂತರೆ ಎಣ್ಣೆ ಬದಲಿಸುವ ಕಾಲ ಬಂತು ಎಂದು ಅವನ ತೀರ್ಮಾನ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಓಡಿದ ಮೇಲೆ ಬದಲಿಸಬೇಕು ಎಂದು ಬರೆದಿತ್ತು. ನಾನು ಓದಿದ್ದೆ. ಅವನು ಅದಕ್ಕಿಂತ ಮೊದಲೇ ಬದಲಿಸುತ್ತಿದ್ದ.

"ಪುಸ್ತಕದಲ್ಲಿ ಇನ್ನೂ ಸಮಯ ಇದೆಯಲ್ಲ" ಎಂದೆ ಒಂದು ದಿನ.

"ಪುಸ್ತಕ ಬರ್ದೋನು ನಮ್ಮ ಮಳವಳ್ಳಿ ರೋಡಲ್ಲಿ ಓಡ್ಸಿಲ್ಲ ಬುಡಿ" ಎಂದ.

ಬದಲಿಸುವ ದಿನ ಮೊದಲು ಮದ್ದೂರಿನವರೆಗೆ ಓಡಿಸಿಕೊಂಡು ಹೋಗಿ ಹಿಂತಿರುಗಿ, ಇಂಜಿನ್ನು ಆರುವ ಮುಂಚೆ ಕೆಳಗೆ ನುಗ್ಗಿ ತಳದ ತಿರುಪು ಬಿಚ್ಚುತ್ತಿದ್ದ. ಮದ್ದೂರಿಗೆ ಯಾಕೆ ಹೋಗಬೇಕು ಎಂದು ನನಗೆ ಗುಮಾನಿ. ಬರುವಾಗ ವಡೆ ಪೊಟ್ಟಣವೂ ಬರುತ್ತಿತ್ತಾದ್ದರಿಂದ ವಡೆಗೋಸ್ಕರ ಪೆಟ್ರೋಲು ಸುಡುತ್ತಾನೆ ಎಂದುಕೊಂಡೆ. ನಾನು ಕೇಳಿದ್ದಕ್ಕೆ, "ಸಾರು ಬಿಸಿ ಇದ್ದಾಗ ಬಗ್ಸುದ್ರೆ ಗಸೀನೂ ಬತ್ತದೆ. ಆರೋದ್ರೆ ತಳ್ದಾಗೇ ಕೂತ್ಕತದೆ" ಎಂದು ನನ್ನ ಹೆಂಡತಿಗೆ ಹೇಳಿದ. ಅವಳು ನಕ್ಕು ತಲೆದೂಗಿದಳು. ವಡೆಯನ್ನು ನಾನೂ ತಿಂದೆ.

ತೆಗೆದ ಹಳೆಯ ಎಣ್ಣೆಗೆ ನಮ್ಮ ಕಡೆ ಗಿರಾಕಿಗಳಿಗೆ ಬರವಿರಲಿಲ್ಲ. ಗಾಡಿಯ ಅಚ್ಚಿಗೆ ಒಬ್ಬರು ಕೇಳುವರು, ಗೆದ್ದಲು ಹತ್ತಿದ ಬಾಗಿಲಿಗೆ ಇನ್ನೊಬ್ಬರು, ಆಲೆಮನೆಯ ಗಾಣದ ಹಲ್ಲುಗಳಿಗೆ ಮತ್ತೊಬ್ಬರು. ಇವನು ಎಲ್ಲರಿಗೂ ಶೀಸೆಯಲ್ಲಿ ಹೊಯ್ದು ಕೊಡುತ್ತಿದ್ದ, ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಏನೂ ಮುಟ್ಟದೆ ಯಾರಾದರೂ ಏನಾದರೂ ಕೊಡುತ್ತಾರೆಯೇ ಎಂಬುದು ನನ್ನ ಪ್ರಶ್ನೆ. ಹಳೆಯ ಎಣ್ಣೆಯ ನೆಪದಲ್ಲಿ ಹೊಸದೂ ಹೋಗುತ್ತಿದೆ ಎಂದು ಮನಸ್ಸು ಹೇಳಿತು. ಆ ವರ್ಷ ಎಣ್ಣೆ ಸಿಗುವುದೂ ಕಷ್ಟವಾಗಿತ್ತು, ಸಿಕ್ಕರೂ ಕೈ ಸುಡುವ ಬೆಲೆ.

ನಾನು ಶೆಡ್ಡಿನಲ್ಲಿದ್ದ ಹೊಸ ಎಣ್ಣೆಯ ಕ್ಯಾನಿಗೆ ಕಡ್ಡಿ ಇಳಿಸಿ ನೋಡಿ, ಅದೇ ಮಟ್ಟಕ್ಕೆ ಹೊರಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ವಾರದಲ್ಲಿ ಮಟ್ಟ ಗೆರೆಯಿಂದ ಒಂದು ಬೆರಳು ಕೆಳಗಿಳಿಯಿತು. ಕಡಿಮೆಯಾದದ್ದನ್ನು ಇಂಜಿನ್ನಿಗೆ ಹಾಕಿದೆ ಎಂದ. ಹಾಗಾದರೆ ಇಂಜಿನ್ನಿನಲ್ಲಿದ್ದದ್ದು ಎಲ್ಲಿ ಹೋಯಿತು? ಸ್ವಲ್ಪ ಸುಟ್ಟಿತು, ಸ್ವಲ್ಪ ಡಬ್ಬಕ್ಕೆ ಬಂತು ಎಂದ. ಡಬ್ಬದಲ್ಲಿದ್ದದ್ದು ಎಲ್ಲಿ? ಬಗ್ಗಿಸಿ ತೆಗೆದಿಟ್ಟಿದ್ದೇನೆ ಎಂದ. ಪ್ರತಿಯೊಂದಕ್ಕೂ ಉತ್ತರ ಸಿದ್ಧ. ಬಾಯಿಪಾಠ ಮಾಡಿದ ಹುಡುಗನೂ ಹೀಗೆಯೇ ಉತ್ತರಿಸುತ್ತಾನೆ.

"ನೀವು ಮನೆಯಲ್ಲೂ ಪರೀಕ್ಷೆ ನಡೆಸ್ತೀರಲ್ಲ" ಎಂದಳು ಹೆಂಡತಿ. "ಆ ಕಾರು ನಡುದಾರೀಲಿ ಒಂದು ದಿನವೂ ನಿಂತಿಲ್ಲ. ನನಗೆ ಅಷ್ಟು ಸಾಕು."

ನನಗೆ ಸಾಲಲಿಲ್ಲ. ಪ್ರಶ್ನೆಪತ್ರಿಕೆಯ ಕಟ್ಟುಗಳಿಗೆ ಅರಗಿನ ಮುದ್ರೆ ಒತ್ತುವ ಕೆಲಸ ಶಾಲೆಯಲ್ಲಿ ನನ್ನದೇ ಆಗಿತ್ತು. ಒಂದು ಭಾನುವಾರ, ಅವನು ಊರಿಗೆ ಹೋಗಿದ್ದಾಗ, ಮೇಣದಬತ್ತಿ ಹಚ್ಚಿ ಅರಗು ಕರಗಿಸಿ ಡಬ್ಬದ ಎರಡೂ ತೂತು ಮುಚ್ಚಿದೆ. ಮುಚ್ಚಳದ ಸುತ್ತಲೂ ಬಟ್ಟೆ ಸುತ್ತಿ ಮೆತ್ತಿದೆ. ಬಿಸಿ ಇರುವಾಗಲೇ ಹತ್ತು ಪೈಸೆಯ ನಾಣ್ಯದ ಅಲೆ ಅಲೆ ಅಂಚನ್ನು ಒತ್ತಿದೆ. ಇನ್ನು ಯಾರು ಮುಟ್ಟಿದರೂ ಗೊತ್ತಾಗುತ್ತದೆ ಎಂದು ಸಮಾಧಾನದಿಂದ ಊಟ ಮಾಡಿದೆ.

ಸೋಮವಾರ ಸಂಜೆ, ಕಾರು ಒಂದು ಹೆರಿಗೆಗೆ ಹೋಗಿ ಬಂದ ಮೇಲೆ, ಬಾನೆಟ್ಟು ಎತ್ತಿದರೆ, ಅಳತೆಯ ಕಡ್ಡಿ ತನ್ನ ಜಾಗ ಬಿಟ್ಟು ನಾಲ್ಕು ಬೆರಳು ಮೇಲೆದ್ದು ನಿಂತಿತ್ತು. ಅದರ ಬುಡದ ಸುತ್ತ ಎಣ್ಣೆ ಸಿಡಿದಿತ್ತು. ಅವಸರದಲ್ಲಿ ಎಳೆದು ಸರಿಯಾಗಿ ಕೂರಿಸದೆ ಹೋಗಿದ್ದಾನೆ ಎಂದುಕೊಂಡೆ. ಅರಗಿನ ಮೇಲೆ ನಾಣ್ಯದ ಅಂಚು ಮಸುಕಾಗಿತ್ತು. ಯಾರೋ ಬಿಸಿ ಮಾಡಿ ಬಿಡಿಸಿ ಮತ್ತೆ ಮೆತ್ತಿದ ಹಾಗೆ. ಕಾದ ಇಂಜಿನ್ನಿನ ಪಕ್ಕ ಅರಗು ತಾನಾಗಿಯೇ ಮೆತ್ತಗಾಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಂಬುತ್ತಿದ್ದೆನೋ ಇಲ್ಲವೋ.

ಮಂಗಳವಾರ ಬೆಳಿಗ್ಗೆ ನೋಡಿದರೆ ಅರಗಿನ ನಡುವೆಯೇ ಮೊಳೆಯಿಂದ ಹೊಡೆದ ಎರಡು ಹೊಸ ತೂತು.

ಅವನು ಅಡಗಿಸುವ ಪ್ರಯತ್ನವನ್ನೇನೂ ಮಾಡಲಿಲ್ಲ. ಹೊರಡುವ ಮುಂಚೆ ನನ್ನ ಹತ್ತಿರ ಬಂದು, "ಮೇಷ್ಟ್ರೆ, ಅದ ಮುಚ್ಚಬ್ಯಾಡಿ. ಇಂಜಿನ್ನಿಗೆ ಉಸ್ರು ಕಟ್ತದೆ" ಎಂದ.

"ಉಸಿರು ಕಟ್ಟುತ್ತಿರುವುದು ಇಂಜಿನ್ನಿಗೋ ನಿನಗೋ?" ಎಂದೆ.

ಅವನು ಹೋಗಿ ಕಾರಿನ ಬಾಗಿಲು ತೆಗೆದು ನನ್ನ ಹೆಂಡತಿಗಾಗಿ ನಿಂತುಕೊಂಡ. ಆ ಮಾತು ಆಡಿದ್ದಕ್ಕೆ ಆಗ ನನಗೆ ಭಾರಿ ಜಂಬ. ಸ್ಟಾಫ್ ರೂಮಿನಲ್ಲಿ ಎರಡು ಸಲ ಹೇಳಿಕೊಂಡೆ.

ಗುರುವಾರ ಕಾರು ಮನೆಯಲ್ಲೇ ಇತ್ತು. ಅವನು ಆಸ್ಪತ್ರೆಯ ಔಷಧಿ ತರಲು ಹೋಗಿದ್ದಾಗ ನಾನು ಡಬ್ಬವನ್ನೇ ಕಳಚಿಕೊಂಡು ಪೇಟೆ ಬೀದಿಯ ತಗಡಿನ ಕೆಲಸದವನ ಹತ್ತಿರ ಒಯ್ದೆ. ತೂತುಗಳಿಗೆ ತಗಡಿನ ತೇಪೆ, ಮುಚ್ಚಳದ ಸುತ್ತ ಬೆಸುಗೆ. ಮೂತಿಗೆ ಬೆರಳೊತ್ತಿ ನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡು ಎಂದೆ. ಒಂದು ಗುಳ್ಳೆಯೂ ಬರಲಿಲ್ಲ. ಒಂದು ತಿಂಗಳು ಹೀಗೇ ಬಿಟ್ಟು, ಆಮೇಲೆ ಬೆಸುಗೆ ಬಿಡಿಸಿ ಒಳಗಿನ ಎಣ್ಣೆಯನ್ನು ಅಳೆದರೆ ಅವನ ಮಾತಿನ ನಿಜ ಸುಳ್ಳು ಗೊತ್ತಾಗುತ್ತದೆ ಎಂಬುದು ನನ್ನ ಉಪಾಯ. ತಂದು ಮೊದಲಿದ್ದ ಹಾಗೆಯೇ ನಳಿಗೆಗೆ ಬಿಗಿದೆ.

ಶುಕ್ರವಾರ ಅವರು ಮಳವಳ್ಳಿಗೆ ಹೋಗಿ ಬಂದರು. ಸಂಜೆ ನೋಡಿದರೆ ಡಬ್ಬ ಇದ್ದ ಹಾಗೆಯೇ ಇತ್ತು, ಬೆಸುಗೆ ಅಲುಗಿರಲಿಲ್ಲ, ಆದರೆ ನಳಿಗೆಯನ್ನು ಡಬ್ಬದಿಂದ ಕಿತ್ತು ಕೆಳಗೆ ಇಳಿಬಿಟ್ಟಿದ್ದ. ಎಣ್ಣೆ ಮತ್ತೆ ಚಪ್ಪಡಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಡಬ್ಬಕ್ಕೆ ಎಣ್ಣೆ ಸೇರದಂತೆ ಮಾಡಿ ನನ್ನ ಅಳತೆಯನ್ನೇ ಕೆಡಿಸಿದ್ದಾನೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನಗೆ ಆಗ ಲೋಕವೇ ಅರಿಸಿನದ ಬಟ್ಟಲು.

ಶನಿವಾರ ಸಂಜೆ ಅವನು ಖಾಕಿ ಚೀಲ ಹೆಗಲಿಗೆ ಹಾಕಿ ಹೊರಟಾಗ ನಾನು ಆಸ್ಪತ್ರೆಯ ಜಗಲಿಯಲ್ಲಿ ಕಾದಿದ್ದೆ. ಅಲ್ಲಿ ಬಸುರಿಯರು, ಅವರ ಅತ್ತೆಯರು, ಎಲೆಅಡಿಕೆ ಜಗಿಯುತ್ತಾ ಕೂತ ಗಂಡಸರು ಎಲ್ಲ ಇದ್ದರು. ಅವರೆಲ್ಲ ಇದ್ದರೆಂದೇ ನಾನು ಅಲ್ಲಿ ನಿಂತಿದ್ದು.

"ಚೀಲ ಬಿಚ್ಚು" ಎಂದೆ.

ಅವನಿಗೆ ಅರ್ಥವಾಗಲಿಲ್ಲವೇನೋ. ನಾನು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದೆ. ಅವನು ಚೀಲವನ್ನು ಜಗಲಿಯ ಮೇಲಿಟ್ಟು ಬಾಯಿ ಬಿಚ್ಚಿದ. ಒಂದು ಅಂಗಿ, ಒಂದು ಪಂಚೆ, ಮೊಮ್ಮಗುವಿಗೆ ಒಂದು ಗಿಲಕಿ, ಒಂದು ಪೊಟ್ಟಣ ಕಡಲೆಪುರಿ. ಅಡಿಯಲ್ಲಿ, ಬಟ್ಟೆ ಸುತ್ತಿದ ಶೀಸೆಯೊಂದರ ತುಂಬ ಎಣ್ಣೆ.

"ಇದೇನು?"

"ಡಬ್ಬದ್ದು. ಓದ್ವಾರ ಬಗ್ಸಿದ್ದು. ಊರಲ್ಲಿ ಗಾಡಿ ಕೀಲಿಗೆ ಆಕ್ತೀನಿ. ಮೂಸಿ ನೋಡಿ, ಸುಟ್ಟ ವಾಸ್ನೆ. ನೀರು ಸೇರಿ ಬೆಳ್ಳಗಾಗ್ಬುಟ್ಟದೆ. ಹೊಸಾದು ಇಂಗಿರ್ತದಾ?"

ನಾನು ಮೂಸಲಿಲ್ಲ. ಮೂಸಿದ್ದರೆ ಗೊತ್ತಾಗಿಬಿಡುತ್ತಿತ್ತು, ಬಹುಶಃ ಅದಕ್ಕೇ ಮೂಸಲಿಲ್ಲ. "ಕದ್ದವರೆಲ್ಲ ಹೀಗೇ ಹೇಳೋದು" ಎಂದೆ.

ಜಗಲಿಯಲ್ಲಿ ಜಗಿಯುತ್ತಿದ್ದವರು ಕತ್ತು ಚಾಚಿ ನೋಡಿದರು. ಅವನು ಶೀಸೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ, ಅಂಗಿ ಮಡಚಿ ಮೇಲಿಟ್ಟ, ಗಿಲಕಿಯನ್ನು ಒಳಗಿಟ್ಟ. ಜೇಬಿನಿಂದ ಕಾರಿನ ಕೀಲಿಕೈ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ.

"ನಾಕ್ ಜನದ ಮುಂದೆ ಚೀಲ ಬಿಚ್ಚಿಸ್ಬುಟ್ರಿ. ಇನ್ನು ನಾನು ಈ ಗಾಡಿ ಮುಟ್ಟಕಿಲ್ಲ. ಡಾಕ್ಟ್ರಮ್ಮಂಗೆ ಏಳ್ಬುಡಿ."

ಹೆಂಡತಿ ಒಳಗೆ ಯಾರದೋ ಹೆರಿಗೆ ಮಾಡಿಸುತ್ತಿದ್ದಳು. ಅವಳು ಹೊರಬರುವ ಹೊತ್ತಿಗೆ ಅವನು ಹೋಗಿ ಒಂದು ಗಂಟೆಯಾಗಿತ್ತು. ನಾನು ಎಲ್ಲವನ್ನೂ ಹೇಳಿದೆ, ಪರೀಕ್ಷೆಯ ಫಲಿತಾಂಶ ಓದುವವನ ಹಾಗೆ. ಅವಳು ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದಳು. "ಮಂಗಳವಾರ ನನ್ನನ್ನು ಮಳವಳ್ಳಿಗೆ ಯಾರು ಕರಕೊಂಡು ಹೋಗ್ತಾರೆ?" ಎಂದಳು.

"ನಾನು" ಎಂದೆ. ಲೈಸೆನ್ಸು ನನಗೂ ಇತ್ತು.

ಮಂಗಳವಾರದವರೆಗೆ ಕಾಯಲು ಆಗಲಿಲ್ಲ. ಸೋಮವಾರ ಬೆಳಿಗ್ಗೆ ಮಳವಳ್ಳಿಯಿಂದ ಫೋನು ಬಂತು: ಮಗು ಅಡ್ಡ ತಿರುಗಿದೆ, ತಾಯಿಗೆ ನೋವು ಶುರುವಾಗಿದೆ, ಡಾಕ್ಟರಮ್ಮ ತಕ್ಷಣ ಬರಬೇಕು. ನಾನು ಶಾಲೆಗೆ ರಜೆ ಹೇಳಿ ಕಾರು ತೆಗೆದೆ. ಅದಕ್ಕೆ ಮುಂಚೆ, ಭಾನುವಾರವೇ, ನಳಿಗೆಯನ್ನು ಬೆಸುಗೆ ಹಾಕಿದ ಡಬ್ಬಕ್ಕೆ ಮತ್ತೆ ಬಿಗಿದು, ತಂತಿಯನ್ನು ಇಕ್ಕಳದಿಂದ ತಿರುಚಿದ್ದೆ. ಕಳ್ಳನೇ ಇಲ್ಲದ ಮೇಲೆ ಕಾವಲು ಯಾಕೆ ಎಂದು ಕೇಳಬಹುದು. ಅವನು ಹೋದ ಮೇಲೆ ಎಷ್ಟು ಎಣ್ಣೆ ಉಳಿಯುತ್ತದೆ ಎಂದು ಹೆಂಡತಿಗೆ ತೋರಿಸುವ ಆಸೆ ನನಗಿತ್ತು.

ಮದ್ದೂರಿನವರೆಗೆ ಕಾರು ಚೆನ್ನಾಗಿಯೇ ಹೋಯಿತು. ಅಲ್ಲಿಂದ ಮಳವಳ್ಳಿಯ ರಸ್ತೆಗೆ ತಿರುಗಿದ ಮೇಲೆ ಸುಟ್ಟ ವಾಸನೆ ಬರತೊಡಗಿತು. ಆಲೆಮನೆಯದು ಇರಬೇಕು ಎಂದೆ. ಸ್ವಲ್ಪ ಮುಂದೆ ಹೋದ ಮೇಲೆ ಇಂಜಿನ್ನು ಜೋರಾಗಿ ಅರಚುತ್ತಿತ್ತು, ಕಾರು ಮಾತ್ರ ಮುಂದೆ ಹೋಗುತ್ತಿರಲಿಲ್ಲ, ಕ್ಲಚ್ಚು ಜಾರುತ್ತಿತ್ತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಗೆ ಮಲಗಿತ್ತು. ನಿಲ್ಲಿಸಿ ಇಳಿದು ಹಿಂದೆ ನೋಡಿದರೆ, ನಾವು ಬಂದ ದಾರಿಯುದ್ದಕ್ಕೂ ಡಾಂಬರಿನ ಮೇಲೆ ಎಣ್ಣೆಯ ಗೆರೆ. ಬಾನೆಟ್ಟು ಎತ್ತಿದೆ. ಅಳತೆಯ ಕಡ್ಡಿ ಪೂರ್ತಿ ಹೊರಗೆ ಹಾರಿ ಬ್ಯಾಟರಿಯ ಮೇಲೆ ಬಿದ್ದಿತ್ತು. ಈ ಸಲ ಅದನ್ನು ಮುಟ್ಟುವವರು ಯಾರೂ ಇರಲಿಲ್ಲ. ನನ್ನ ಬೆಸುಗೆ ಗಟ್ಟಿಯಾಗಿ ನಿಂತಿತ್ತು.

ಎರಡೂ ಕಡೆ ಭತ್ತದ ಗದ್ದೆ, ಪಕ್ಕದಲ್ಲಿ ನಾಲೆ. ಹೆಂಡತಿ ಗಡಿಯಾರ ನೋಡಿಕೊಂಡು ತನ್ನ ಪೆಟ್ಟಿಗೆ ಕೈಗೆತ್ತಿಕೊಂಡು ರಸ್ತೆಯ ನಡುವೆಯೇ ನಿಂತಳು. ಬಸ್ಸು ಬರಲಿಲ್ಲ. ಸುಮಾರು ಅರ್ಧ ಗಂಟೆಯ ಮೇಲೆ ಕಬ್ಬಿನ ಲಾರಿಯೊಂದು ಖಾಲಿ ಬಂತು. ಅವಳು ಸೀರೆ ಎತ್ತಿ ಕಟ್ಟಿ ಡ್ರೈವರನ ಪಕ್ಕ ಹತ್ತಿ ಕೂತಳು. ಹತ್ತುವಾಗ ನನ್ನ ಕಡೆ ನೋಡಲಿಲ್ಲ. ಆ ತಾಯಿಗೆ, ಆ ಮಗುವಿಗೆ ಏನಾದರೂ ಆಗಿಬಿಟ್ಟರೆ ಎಂಬ ಭಯ ಆಗ ಮೊದಲ ಸಲ ನನಗೆ ಹುಟ್ಟಿತು.

ಒಂದು ಜೊತೆ ಎತ್ತು ಕಟ್ಟಿಸಿ ಕಾರನ್ನು ಮದ್ದೂರಿಗೆ ಎಳೆಸಿಕೊಂಡು ಬಂದೆ. ಎತ್ತಿನವನು ದಾರಿಯುದ್ದಕ್ಕೂ ಏನಾಯಿತು ಎಂದು ಕೇಳುತ್ತಿದ್ದ. ಅಲ್ಲಿ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಒಬ್ಬ ಮೆಕ್ಯಾನಿಕ್ಕು ಇದ್ದ. ಅವನು ಬಾನೆಟ್ಟಿನೊಳಗೆ ತಲೆ ಹಾಕಿ, ಡಬ್ಬವನ್ನು ನೋಡಿ, ಬೆರಳಿನಿಂದ ಬೆಸುಗೆಯ ಸುತ್ತ ಸವರಿದ. ಇಂಜಿನ್ನಿಗೆ ಎಣ್ಣೆ ಹೊಯ್ದು, ನಳಿಗೆ ಕಿತ್ತು, ಚಾಲೂ ಮಾಡಿ ಎಂದ. ಚಾಲೂ ಆಯಿತು. ಅಳತೆಯ ಕಡ್ಡಿಯನ್ನು ಅದರ ಜಾಗಕ್ಕೆ ಇಳಿಸಿ, ನನ್ನನ್ನು ಹತ್ತಿರ ಕರೆದು, ನಳಿಗೆಯ ಬಾಯನ್ನು ತನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಸ್ವಲ್ಪ ಹೊತ್ತಿಗೆ ಕಡ್ಡಿ ತಾನಾಗಿ ಮೇಲೇಳತೊಡಗಿತು. ಬೆರಳು ತೆಗೆದ, ಕಡ್ಡಿ ನಿಂತಿತು.

"ಒಳ್ಗಡೆ ಗಾಳಿ ಆಚ್ಗೋಗಕೆ ಇದೊಂದೇ ದಾರಿ ಇದ್ದಿದ್ದು. ಮೇಲ್ಗಡೆ ಇದ್ದ ಇನ್ನೊಂದು ತೂತು ಮಸಿ ಕಟ್ಟಿ ಯಾವತ್ತೋ ಮುಚ್ಚೋಗ್ಬುಟ್ಟದೆ. ಇದ್ನೂ ಮುಚ್ಚಿದ್ರೆ ಅದು ಎಲ್ಲೋಗ್ಬೇಕು? ಹಿಂದ್ಗಡೆ ಸಂದೀಲಿ ಎಣ್ಣೆ ತಳ್ಕೊಂಡು ಕ್ಲಚ್ಚಿಗೆ ಬಂದದೆ" ಎಂದ. ಆಮೇಲೆ ಡಬ್ಬವನ್ನು ಎತ್ತಿ ಹಿಡಿದು ಕೇಳಿದ, "ಈ ಬೆಸ್ಗೆ ಯಾರು ಆಕ್ಸಿದ್ದು ಮೇಷ್ಟ್ರೆ?"

ನನ್ನ ಬಾಯಿಂದ ಬಂದ ಉತ್ತರವನ್ನು ಇಷ್ಟು ವರ್ಷವಾದ ಮೇಲೂ ಬರೆಯಲು ಕಷ್ಟವಾಗುತ್ತದೆ. "ನಮ್ಮ ಡ್ರೈವರು" ಎಂದೆ.

ಮೆಕ್ಯಾನಿಕ್ಕು ಡಬ್ಬವನ್ನು ನೆಲದ ಮೇಲಿಟ್ಟ. ಚಿಂದಿಯಿಂದ ಕೈ ಒರೆಸಿಕೊಂಡ. "ಡಬ್ಬ ಕಟ್ಟಿ ತೂತು ಮಾಡೋದ ನಂಗೆ ಏಳ್ಕೊಟ್ಟೋನೇ ಅವ್ನು" ಎಂದಷ್ಟೇ ಹೇಳಿ ಕೆಲಸಕ್ಕೆ ಬಗ್ಗಿದ.

ಇಪ್ಪತ್ತು ವರ್ಷ ಹುಡುಗರ ಸುಳ್ಳು ಹಿಡಿದವನು ನಾನು. ಸಿಕ್ಕಿಬಿದ್ದಾಗ ಕಿವಿ ಹೇಗೆ ಬಿಸಿಯಾಗುತ್ತದೆ ಎಂದು ಅಂದು ಗೊತ್ತಾಯಿತು. ಸೀಮೆಎಣ್ಣೆ ಡಬ್ಬಕ್ಕೆ ಗಾಳಿಯ ತೂತು ಬೇಕು ಎಂದು ಗೊತ್ತಿದ್ದವನಿಗೆ ಇಂಜಿನ್ನಿಗೂ ಬೇಕಿರಬಹುದು ಎಂದು ತೋಚಲಿಲ್ಲ. ಹೇಳಿದವನು ಇದ್ದ, ಅವನ ಚೀಲ ಬಿಚ್ಚಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವನ ಬುದ್ಧಿ ನನ್ನದಾಗಿತ್ತು.

ಹೆಂಡತಿ ರಾತ್ರಿಯ ಬಸ್ಸಿಗೆ ಬಂದಳು. ತಾಯಿ, ಮಗು ಇಬ್ಬರೂ ಉಳಿದಿದ್ದರು. "ಇನ್ನೊಂದು ಗಂಟೆ ತಡ ಆಗಿದ್ದರೆ ಇಬ್ಬರೂ ಇರ್ತಿರಲಿಲ್ಲ" ಎಂದು ಹೇಳಿ ಮಲಗಲು ಹೋದಳು. ನಾನು ಡಬ್ಬದ ವಿಷಯ ಹೇಳಿದೆ. ಮದ್ದೂರಿನಲ್ಲಿ ಆಡಿದ ಸುಳ್ಳನ್ನು ಮಾತ್ರ ಹೇಳಲಿಲ್ಲ. ಗೋಡೆಯ ಕಡೆ ತಿರುಗಿಕೊಂಡೇ, "ನಾಳೆ ಕೆರಗೋಡಿಗೆ ಹೋಗಿ ಬನ್ನಿ" ಎಂದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಅವನು ಮನೆಯ ಮುಂದೆ ಗಾಡಿಯ ಒಂದು ಚಕ್ರ ಕಳಚಿ, ಅಚ್ಚನ್ನು ಕಲ್ಲಿನ ಮೇಲೆ ಎತ್ತಿಟ್ಟು, ಅದಕ್ಕೆ ಎಣ್ಣೆ ಸವರುತ್ತಿದ್ದ. ಪಕ್ಕದಲ್ಲಿ ಅದೇ ಶೀಸೆ. ಹತ್ತಿರ ನಿಂತಾಗ ವಾಸನೆ ತಾನಾಗಿಯೇ ಬಂತು: ಸುಟ್ಟ, ಹಳಸಿದ, ಯಾರೂ ಕದಿಯಲಾರದ ಎಣ್ಣೆಯ ವಾಸನೆ.

"ಬನ್ನಿ ಮೇಷ್ಟ್ರೆ" ಎಂದ, ಏಳಲಿಲ್ಲ.

"ಕಾರು ಕೆಟ್ಟುಹೋಯಿತು" ಎಂದೆ.

"ಗೊತ್ತು. ಮದ್ದೂರಿಂದ ಬಸ್ಸಿನೋರ ಕೈಲಿ ಏಳಿ ಕಳ್ಸಿದ್ರು." ಎಣ್ಣೆ ಸವರುತ್ತಲೇ ಇದ್ದ. "ಬೆಸ್ಗೆ ನಾನೇ ಆಕ್ಸಿದ್ದು ಅಂದ್ರಂತೆ."

"ಅಂದೆ."

"ಯಾಕಂದ್ರಿ?"

"ನಾಚಿಕೆಯಾಯಿತು" ಎಂದೆ. ಆಮೇಲೆ, "ನನ್ನದು ತಪ್ಪಾಯಿತು. ವಾಪಸು ಬಾ" ಎಂದೆ.

ಅವನು ಚಕ್ರವನ್ನು ಉರುಳಿಸಿಕೊಂಡು ಬಂದ. ಒಬ್ಬನಿಗೆ ಆಗುತ್ತಿರಲಿಲ್ಲ, ನಾನು ಇನ್ನೊಂದು ಬದಿ ಹಿಡಿದೆ. ಅಚ್ಚಿಗೆ ಕೂರಿಸಿ, ಚಕ್ರ ಜಾರದಂತೆ ಕಡಾಣಿ ಜಡಿದು, ಕೈಯಿಂದ ಒಮ್ಮೆ ತಿರುಗಿಸಿದ. ಚಕ್ರ ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. "ನನ್ ಮಗಳ ಎರ್ಡು ಎರ್ಗೇನೂ ಡಾಕ್ಟ್ರಮ್ಮನೇ ಮಾಡಿದ್ದು. ಆವಮ್ಮನ ಮೊಕ ನೋಡ್ಕೊಂಡು ಬತ್ತೀನಿ" ಎಂದ. ನನ್ನ ತಪ್ಪಿನ ಬಗ್ಗೆ ಆಯಿತು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಬಂದ. ಕ್ಲಚ್ಚು ಸರಿಯಾಯಿತು. ಹೊಸ ಡಬ್ಬಕ್ಕೆ ಹೊಸ ನಾರು ತುಂಬಿ, ನನ್ನ ಎದುರಿಗೇ ಮೊಳೆ ಇಟ್ಟು ಎರಡು ತೂತು ಹೊಡೆದ. ಆ ಇಂಜಿನ್ನು ಮುಂದೆ ಇನ್ನೂ ಬಹಳ ವರ್ಷ ಮದ್ದೂರು, ಮಳವಳ್ಳಿ ತಿರುಗಿತು, ಒಂದು ದಿನವೂ ನಡುದಾರಿಯಲ್ಲಿ ನಿಲ್ಲಲಿಲ್ಲ. ನಾನು ಕ್ಯಾನಿಗೆ ಗೆರೆ ಎಳೆಯುವುದನ್ನು ಬಿಟ್ಟೆ. ಬಿಟ್ಟೆ ಎಂದು ಹೆಂಡತಿಗೆ ಹೇಳಿದೆ ಕೂಡ.

ಆದರೆ ಅವನು ವಾಪಸು ಬಂದ ಮೊದಲ ಶನಿವಾರ ಸಂಜೆ, ಊರಿಗೆ ಹೊರಡುವಾಗ, ನಾನು ಕೂತಿದ್ದ ಜಗಲಿಗೆ ಬಂದು ಖಾಕಿ ಚೀಲವನ್ನು ನನ್ನ ಮುಂದಿಟ್ಟು ಬಾಯಿ ಬಿಚ್ಚಿದ. ಅಂಗಿಯನ್ನು ಒಂದು ಕಡೆ ಸರಿಸಿದ, ಪಂಚೆಯನ್ನು ಒಂದು ಕಡೆ ಸರಿಸಿದ. ಅಡಿಯಲ್ಲಿ ಶೀಸೆ.

"ಬೇಡಪ್ಪ, ಇದೆಲ್ಲ ಯಾಕೆ" ಎಂದೆ.

"ಇರ್ಲಿ ಬುಡಿ ಮೇಷ್ಟ್ರೆ. ಒಂದ್ಸಲ ಸುರು ಆದದ್ದು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಮುಂದಿನ ಶನಿವಾರವೂ ಹಾಗೆಯೇ. ಅದರ ಮುಂದಿನದೂ. ಅವನು ನಮ್ಮಲ್ಲಿ ಇದ್ದಷ್ಟು ವರ್ಷವೂ ಒಂದು ಶನಿವಾರವೂ ತಪ್ಪಲಿಲ್ಲ. ಬೇಡ ಎಂದು ಬೇಡಿಕೊಂಡೆ, ಒಮ್ಮೆ ರೇಗಿದೆ, ಕೆಲವು ಸಲ ಆ ಹೊತ್ತಿಗೆ ಮನೆಯ ಒಳಗೆ ಹೋಗಿ ಕೂತೆ; ನಾನು ಹೊರಗೆ ಬರುವವರೆಗೆ ಅವನು ಜಗಲಿಯಲ್ಲಿ ಕಾದು ನಿಂತಿರುತ್ತಿದ್ದ, ಬಸ್ಸು ತಪ್ಪಿದರೂ ಸರಿ. ಅವನು ಚೀಲದ ಬಾಯಿ ಬಿಚ್ಚುವಾಗ ನಾನು ಬೇರೆ ಕಡೆ ನೋಡಬೇಕು ಎಂದು ಪ್ರತಿ ಸಲವೂ ನಿಶ್ಚಯ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಕಣ್ಣು ಒಳಗೆ ಹೋಗಿ, ಅಂಗಿಯ ಕೆಳಗೆ, ಪಂಚೆಯ ಕೆಳಗೆ ಒಮ್ಮೆ ನೋಡಿ ಬಂದಿರುತ್ತಿತ್ತು. ಅವನು ಅದನ್ನು ಗಮನಿಸಿ, ಚೀಲದ ಬಾಯಿ ಕಟ್ಟಿಕೊಂಡು ಬಸ್ಸಿಗೆ ಹೋಗುತ್ತಿದ್ದ.